ಕವಡೆ ಯಾಕೆ ಬರೀ ಎರಡೇ ಬೀಳುತ್ತದೆ? ರ್‍ಯಾಂಡಮ್ ಸಂಖ್ಯೆಯ ಕೋಡಿನಲ್ಲಿ ತಪ್ಪು ಹುಡುಕುವ ಬಗೆ

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ, ನಮ್ಮ ಆಯಿ ಇರುವುದು ವಿಜಯಪುರದಲ್ಲಿ. ಆಕೆಗೆ ಚೌಕಾಬಾರ ಅಂದರೆ ಪ್ರಾಣ. ಜೊತೆಗೆ ಆಡುವವರು ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಿದ್ದಳು. ಅದಕ್ಕೇ ಮೊಬೈಲಿನಲ್ಲಿ ಆಡುವ ಹಾಗೆ ಒಂದು ಚೌಕಾಬಾರ ಬರೆದು ಅವಳ ಫೋನಿಗೆ ಹಾಕಿಕೊಟ್ಟೆ. ಮರುದಿನವೇ ಫೋನ್ ಬಂತು.

"ತಮ್ಮಾ, ನಿನ್ನ ಕವಡಿ ಬರೇ ಎರಡ ಬೀಳ್ತಾವಲ್ಲೋ! ಚೌಕ ಇಲ್ಲ, ಬಾರ ಇಲ್ಲ. ಇದೇನ್ ಆಟ?"

ಆಟ ಗೊತ್ತಿಲ್ಲದವರಿಗೆ ಲೆಕ್ಕ ಹೇಳಿಬಿಡುತ್ತೇನೆ. ನಾಲ್ಕು ಕವಡೆ ಎಸೆಯುತ್ತೇವೆ. ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಡಬ್ಬು ಬಿದ್ದರೆ ಬಾರ, ಅಂದರೆ 8. ಕೋಡಿನಲ್ಲಿ ಒಂದು ಕವಡೆ ಅಂದರೆ ಒಂದು ಬಿಟ್. 1 ಬಂದರೆ ಬಾಯಿ ಮೇಲೆ, 0 ಬಂದರೆ ಡಬ್ಬು. 16 ಬಗೆಯಲ್ಲಿ ಕವಡೆ ಬೀಳಬಹುದು. ಅದರಲ್ಲಿ ಚೌಕಕ್ಕೆ ಒಂದು, ಬಾರಕ್ಕೆ ಒಂದು, ಒಂದಕ್ಕೆ ನಾಲ್ಕು, ಎರಡಕ್ಕೆ ಆರು, ಮೂರಕ್ಕೆ ನಾಲ್ಕು. ಮುಂದೆ ಎಲ್ಲ ಕಡೆ ಈ 1, 4, 6, 4, 1 ಲೆಕ್ಕವೇ ನಮ್ಮ ತಕ್ಕಡಿ.

ರ್‍ಯಾಂಡಮ್ ಸಂಖ್ಯೆ (ಮುಂದೆ ಯಾವುದು ಬರುತ್ತದೆ ಅಂತ ಊಹಿಸಲಾಗದ ಸಂಖ್ಯೆ) ಕೊಡುವ ಕೋಡನ್ನು ನಾನೇ ಯಾಕೆ ಬರೆದುಕೊಂಡೆ ಅಂತ ಕೇಳಬಹುದು. ಎದುರಾಳಿಯಾಗಿ ಆಡುವ ಕಂಪ್ಯೂಟರ್ ಒಂದು ಕಾಯಿ ನಡೆಸುವ ಮೊದಲು ಒಳಗೊಳಗೇ ಸಾವಿರಾರು ಆಟ ಆಡಿ ನೋಡುತ್ತದೆ. ಒಂದೊಂದು ಆಟಕ್ಕೂ ನೂರಾರು ಎಸೆತ. ಕಡಿಮೆ ಬೆಲೆಯ ಫೋನಿನಲ್ಲಿ ಇದು ಬೇಗ ಮುಗಿಯದಿದ್ದರೆ ಆಯಿ ಫೋನ್ ಕೆಳಗಿಟ್ಟು ಚಾ ಮಾಡಲು ಹೋಗುತ್ತಾಳೆ.

ಮೊದಲ ದೋಷ: ಕೆಳಗಿನ ಬಿಟ್

ನಾನು ಬಳಸಿದ್ದು ಹಳೇ ಸೂತ್ರ. ಹಿಂದಿನ ಸಂಖ್ಯೆಯನ್ನು 1664525 ರಿಂದ ಗುಣಿಸಿ, 1013904223 ಕೂಡಿಸಿ, ಕೆಳಗಿನ, ಅಂದರೆ ಬಲ ತುದಿಯ, 32 ಬಿಟ್ ಮಾತ್ರ ಇಟ್ಟುಕೊಳ್ಳುವುದು. ಸೂತ್ರವನ್ನು ನಾಲ್ಕು ಸಲ ಕರೆದು, ಪ್ರತಿ ಸಲ ಬಂದ ಸಂಖ್ಯೆ ಬೆಸವೋ ಸಮವೋ ನೋಡಿ ಒಂದೊಂದು ಕವಡೆ ಬೀಳಿಸುತ್ತಿದ್ದೆ.

ಇಲ್ಲೇ ಎಡವಿದ್ದು. ಗುಣಿಸುವ ಸಂಖ್ಯೆಯೂ ಬೆಸ, ಕೂಡಿಸುವ ಸಂಖ್ಯೆಯೂ ಬೆಸ. ಬೆಸವನ್ನು ಬೆಸದಿಂದ ಗುಣಿಸಿ ಬೆಸ ಕೂಡಿಸಿದರೆ ಸಮ. ಆ ಸಮವನ್ನು ಮತ್ತೆ ಹಾಗೇ ಮಾಡಿದರೆ ಬೆಸ. ಸೀಡ್ (ಸೂತ್ರ ಶುರುವಾಗುವ ಮೊದಲ ಸಂಖ್ಯೆ) 0 ಇಟ್ಟು ನೋಡಿ: 1013904223, 1196435762, 3519870697, 2868466484. ಬೆಸ, ಸಮ, ಬೆಸ, ಸಮ. ನಾಲ್ಕು ಕವಡೆಯಲ್ಲಿ ಎರಡು ಬಾಯಿ ಮೇಲೆ, ಎರಡು ಡಬ್ಬು. ಸಾಯೋತನಕ ಆಡಿದರೂ ಎರಡೇ.

ಸರಿ, ತಿದ್ದಿದೆ. ನಾಲ್ಕು ಸಲ ಕರೆಯುವುದು ಬಿಟ್ಟು, ಒಂದೇ ಸಂಖ್ಯೆಯ ಕೆಳಗಿನ ನಾಲ್ಕು ಬಿಟ್ ತೆಗೆದುಕೊಂಡೆ. 16,000 ಎಸೆತ ಎಣಿಸಿದೆ. ಒಂದು 4000, ಎರಡು 6000, ಮೂರು 4000, ಚೌಕ 1000, ಬಾರ 1000. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಭಾರಿ ಖುಷಿಯಾಯಿತು. ಹೊಸ ಆವೃತ್ತಿ ಕಳಿಸಿಯೇಬಿಟ್ಟೆ. ಎರಡು ದಿನ ಆಯಿ ಏನೂ ಅನ್ನಲಿಲ್ಲ. ಮೂರನೇ ದಿನ:

"ಬಾರ ಬಿದ್ದ ಕೂಡ್ಲೇ ಚೌಕ ಬೀಳ್ತದ ನೋಡು. ಪ್ರತಿ ಸಲ ಹಂಗ. ಬೇಕಾದ್ರ ಬರದ ಕೊಡ್ತೀನಿ."

ಆಕೆ ಹೇಳಿದ್ದು ಸರಿ. ವಿಜಯಪುರದಿಂದ ವಾಪಸ್ ಬರುವಾಗ, ಬಸ್ಸು ಕೊಲ್ಹಾರದ ಸೇತುವೆ ಮೇಲೆ ಇದ್ದಾಗ, ಚೀಟಿಯಲ್ಲಿ ಕೈಲೆಕ್ಕ ಮಾಡಿದೆ. ಈ ಸೂತ್ರದಲ್ಲಿ ಕೆಳಗಿನ ನಾಲ್ಕು ಬಿಟ್‌ಗಳಿಗೆ ಮೇಲಿನ ಬಿಟ್‌ಗಳ ಸುದ್ದಿಯೇ ಇರುವುದಿಲ್ಲ. ಅವು ತಮ್ಮತಮ್ಮಲ್ಲೇ ಸುತ್ತುತ್ತವೆ. 16 ಹೆಜ್ಜೆಗೆ ಒಂದು ಸುತ್ತು. ಎಸೆತಗಳ ಸಾಲು ಹೀಗೆ: 4, 1, 2, 1, 2, 2, 3, 1, 3, 2, 1, 2, 3, 3, 2, 8. ಮತ್ತೆ ಮೊದಲಿಂದ 4. ಸೀಡ್ ಬದಲಿಸಿದರೆ ಶುರುವಾಗುವ ಜಾಗ ಬದಲಾಗುತ್ತದೆ, ಸಾಲು ಬದಲಾಗುವುದಿಲ್ಲ. ಬಾರ ಆದ ಮೇಲೆ ಚೌಕ ಬರಲೇಬೇಕು.

ನನ್ನ ಎಣಿಕೆ ಅಷ್ಟು ಚೊಕ್ಕ ಬಂದದ್ದೇ ದೋಷದ ಗುರುತು. ಎರಡೂ ಕಡೆ ಸಮನಾಗಿ ಬೀಳುವ ಕವಡೆಗಳನ್ನು 16,000 ಸಲ ಎಸೆದರೆ ಬಾರ ಸುಮಾರು 1000 ಬರುತ್ತದೆ, ಸರಿಯಾಗಿ 1000 ಅಲ್ಲ. 30ರ ಆಸುಪಾಸು ಏರುಪೇರು ಸಹಜ. 940ರಿಂದ 1060ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 700 ಬಂದರೆ ದೋಷ. ಹತ್ತು ಸೀಡ್‌ಗೂ ಸರಿಯಾಗಿ 1000 ಬಂದರೆ ಅದೂ ದೋಷವೇ. ಹಾಗಾಗಿ ಎಷ್ಟು ಬಂತು ಅಂತ ಎಣಿಸಿದರೆ ಸಾಲದು, ಯಾವುದರ ಹಿಂದೆ ಯಾವುದು ಬಂತು ಅನ್ನುವುದನ್ನೂ ಎಣಿಸಬೇಕು. ಬಾರದ ಮುಂದಿನ ಎಸೆತಗಳನ್ನು ಮಾತ್ರ ಬೇರೆ ತೆಗೆದು ನೋಡಿ. ಅಲ್ಲೂ 1, 4, 6, 4, 1 ಲೆಕ್ಕ ಬರಬೇಕು.

ಕಣ್ಣಿಗೆ ಕಾಣಬೇಕು ಅಂದರೆ ಚಿತ್ರ ಮಾಡಿ. ಅಡ್ಡ 256 ಚುಕ್ಕೆ, ಉದ್ದ 256 ಚುಕ್ಕೆ. ಸಂಖ್ಯೆಯ ಕೆಳಗಿನ ಎಂಟು ಬಿಟ್ಟನ್ನು ಕಪ್ಪು ಬಿಳುಪಿನ ಛಾಯೆ ಮಾಡಿ ಒಂದೊಂದೇ ಚುಕ್ಕೆ ಇಡಿ. ಈ ಹಳೇ ಸೂತ್ರದಲ್ಲಿ ಕೆಳಗಿನ ಎಂಟು ಬಿಟ್ 256 ಹೆಜ್ಜೆಗೆ ತಿರುಗಿ ಬರುತ್ತವೆ. ಹಾಗಾಗಿ ಪ್ರತಿ ಸಾಲೂ ಒಂದೇ. ಇಳಕಲ್ ಮಗ್ಗಕ್ಕೆ ಹೂಡಿದ ಹಾಸಿನ ಎಳೆಗಳ ಹಾಗೆ ಮೇಲಿಂದ ಕೆಳಗೆ ನೆಟ್ಟಗೆ ಗೆರೆ ಕಾಣುತ್ತವೆ. ಬೇರೆ ಕೆಟ್ಟ ಸೂತ್ರಗಳು ಗುಳೇದಗುಡ್ಡದ ಖಣದ ಹಾಗೆ ಒಂದೇ ಚಿತ್ತಾರ ಮತ್ತೆ ಮತ್ತೆ ತೋರಿಸುತ್ತವೆ. ಖಣಕ್ಕೆ ಅದೇ ಚೆಂದ, ನಮಗೆ ಬೇಡ. ಅಂಗಳದಲ್ಲಿ ಜೋಳ ಚೆಲ್ಲಿದ ಹಾಗೆ ಕಂಡರೆ ಮುಂದಕ್ಕೆ ಹೋಗಬಹುದು.

ಹಳೇ ಸೂತ್ರವನ್ನೇ ಇಟ್ಟುಕೊಳ್ಳುವವರು ಕನಿಷ್ಠ ಮೇಲಿನ ಬಿಟ್‌ಗಳನ್ನು ಬಳಸಿ. 28 ಬಿಟ್ ಬಲಕ್ಕೆ ಸರಿಸಿದರೆ ಮೇಲಿನ ನಾಲ್ಕು ಸಿಗುತ್ತವೆ. ನಾನು ಸೂತ್ರವನ್ನೇ ಬದಲಿಸಿದೆ.

ಹೊಸ ಸೂತ್ರ, ಮತ್ತು ಮೂರು ಸಂಖ್ಯೆಯ ಪರೀಕ್ಷೆ

ಜಾರ್ಜ್ ಮಾರ್ಸಾಗ್ಲಿಯಾ 2003ರಲ್ಲಿ ಪ್ರಕಟಿಸಿದ ಎಕ್ಸಾರ್‌ಶಿಫ್ಟ್ ಇದು. 32 ಬಿಟ್‌ನ ಒಂದು ಸಂಖ್ಯೆ ಇಟ್ಟುಕೊಳ್ಳಿ. ಅದನ್ನು ಎಡಕ್ಕೆ 13 ಬಿಟ್ ಸರಿಸಿ, ಬಂದದ್ದನ್ನು ಅದರ ಜೊತೆಗೇ ಎಕ್ಸಾರ್ ಮಾಡಿ (ಎರಡು ಬಿಟ್ ಬೇರೆ ಬೇರೆ ಇದ್ದರೆ 1, ಒಂದೇ ಇದ್ದರೆ 0). ಆ ಉತ್ತರವನ್ನು ಬಲಕ್ಕೆ 17 ಸರಿಸಿ, ಮತ್ತೆ ಎಕ್ಸಾರ್. ಆಮೇಲೆ ಎಡಕ್ಕೆ 5, ಮತ್ತೆ ಎಕ್ಸಾರ್. ಅಷ್ಟೇ. ಗುಣಾಕಾರ ಇಲ್ಲ, ಭಾಗಾಕಾರ ಇಲ್ಲ. ಸೊನ್ನೆ ಬಿಟ್ಟು ಉಳಿದ 4294967295 ಸಂಖ್ಯೆಗಳನ್ನೂ ಒಂದೊಂದು ಸಲ ಮುಟ್ಟಿ ಆಮೇಲೆ ತಿರುಗಿ ಬರುತ್ತದೆ.

ಮೂರು ಸಾಲಿನ ಕೋಡಿನಲ್ಲಿ ಏನು ತಪ್ಪಾಗುತ್ತದೆ ಅನ್ನಬೇಡಿ. ಆಟದ ಒಳಗೆ ಇದನ್ನು ಸೇರಿಸುವ ಮೊದಲು ಸೀಡ್ 1 ಇಟ್ಟು ಮೂರು ಸಂಖ್ಯೆ ಅಚ್ಚು ಹಾಕಿ. ಬರಬೇಕಾದದ್ದು:

270369
67634689
2647435461

ಇವು ಬಂದರೆ ಸೂತ್ರದ ತಂಟೆಗೆ ಹೋಗಬೇಡಿ, ತಪ್ಪು ಬೇರೆ ಕಡೆ ಇದೆ. ಬರದಿದ್ದರೆ, ಏನು ಬಂತು ಅನ್ನುವುದೇ ಕಾರಣ ಹೇಳುತ್ತದೆ.

ಮೊದಲನೆಯದೇ 135169 ಬಂದರೆ ಎಡ ಬಲ ಅದಲು ಬದಲಾಗಿದೆ. ತಮಾಷೆ ಅಂದರೆ ಅದೂ ಅಷ್ಟೇ ಉದ್ದದ ಸುತ್ತು ಹಾಕುತ್ತದೆ. ಆದರೆ ಬೇರೆಯವರ ಕೋಡಿನ ಜೊತೆ ತಾಳೆ ಬೀಳುವುದಿಲ್ಲ.

ಮೊದಲನೆಯದು ಸರಿ, ಎರಡನೆಯದು 67601921 ಬಂದರೆ ಬಲಕ್ಕೆ ಸರಿಸುವಾಗ ಚಿಹ್ನೆಯ ಬಿಟ್ ಎಳೆದುಕೊಂಡು ಬಂದಿದೆ. ಜಾವಾ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ಬಾಣದ ಗುರುತು ಹಾಕಿದರೆ ಹೀಗಾಗುತ್ತದೆ. ಎಡ ತುದಿಯಲ್ಲಿ 1 ಇದ್ದರೆ ಖಾಲಿಯಾದ ಜಾಗಕ್ಕೆ ಸೊನ್ನೆ ತುಂಬುವ ಬದಲು 1 ತುಂಬುತ್ತದೆ. ಅಲ್ಲಿ ಮೂರು ಬಾಣ ಬೇಕು. ನಾನು ಇದರಲ್ಲಿ ಒಂದು ಸಂಜೆ ಪೂರ್ತಿ ಕಳೆದೆ. 67634689 ಮತ್ತು 67601921 ಎರಡೂ 676 ಅಂತ ಶುರುವಾಗುತ್ತವೆ, ಅಂಕಿಗಳೂ ಅಷ್ಟೇ ಉದ್ದ. ಕಣ್ಣಾಡಿಸಿ "ಸರಿ ಇದೆ" ಅಂದುಕೊಂಡು ಮುಂದೆ ಹೋಗಿದ್ದೆ. ಕಣ್ಣಿಂದ ಹೋಲಿಸಬೇಡಿ, ಕೋಡಿನಲ್ಲೇ ಹೋಲಿಸಿ.

ಎರಡನೆಯದು 68787111425 ಬಂದರೆ ಸಂಖ್ಯೆಯನ್ನು 32 ಬಿಟ್‌ಗೆ ಕತ್ತರಿಸಿಲ್ಲ. ಪೈಥಾನ್‌ನಲ್ಲಿ ಸಂಖ್ಯೆಗೆ ಅಗಲದ ಮಿತಿ ಇಲ್ಲ, ಎಡಕ್ಕೆ ಸರಿಸಿದಷ್ಟೂ ಬೆಳೆಯುತ್ತದೆ. ಪ್ರತಿ ಎಡ ಸರಿತದ ನಂತರ 4294967295 ಜೊತೆ ಆ್ಯಂಡ್ ಮಾಡಿ, ಕೆಳಗಿನ 32 ಬಿಟ್ ಮಾತ್ರ ಉಳಿಯುತ್ತವೆ. ಸಿ ಭಾಷೆಯಲ್ಲೂ ಇದೇ ಸಂಖ್ಯೆ ಬರಬಹುದು. ಅನ್‌ಸೈನ್ಡ್ ಲಾಂಗ್ ಅಂತ ಬರೆದರೆ ವಿಂಡೋಸ್‌ನಲ್ಲಿ 32 ಬಿಟ್, 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್. ಒಂದೇ ಕೋಡು, ಎರಡು ಕಂಪ್ಯೂಟರ್, ಎರಡು ಉತ್ತರ. ಅಗಲ ಸ್ಪಷ್ಟವಾಗಿ ಹೇಳುವ 32 ಬಿಟ್ ವಿಧವನ್ನೇ ಬಳಸಿ.

ಮೂರನೆಯದು −1647531835 ಬಂದರೆ ಗಾಬರಿ ಬೇಡ. ಬಿಟ್‌ಗಳೆಲ್ಲ ಸರಿ ಇವೆ, ತೋರಿಸುವಾಗ ಮಾತ್ರ ಋಣ ಚಿಹ್ನೆ ಬಂದಿದೆ. ಆದರೆ ಇದನ್ನು ಹಾಗೇ ಭಾಗಿಸಿ ಶೇಷ ತೆಗೆದರೆ ಋಣ ಶೇಷ ಬಂದು ಪಟ್ಟಿಯ ಹೊರಗೆ ಕೈ ಹಾಕುತ್ತದೆ. ಅಲ್ಲಿ ಆಟ ಬಿದ್ದುಹೋಗುತ್ತದೆ.

ಮೇಲಿಂದ ಮೇಲೆ ಬಾರ ಬೀಳುವುದು

ಎಕ್ಸಾರ್‌ಶಿಫ್ಟ್ ಹಾಕಿದ ಮೇಲೆ ಬಂದ ದೂರು ಇದು. ಕೊನೆಯೇ ಇಲ್ಲದೆ ಬಾರ ಬೀಳುತ್ತಿದ್ದರೆ ಸಂಖ್ಯೆ ಸೊನ್ನೆಯಲ್ಲಿ ಸಿಕ್ಕಿಕೊಂಡಿದೆ. ಸೊನ್ನೆಯನ್ನು ಎತ್ತ ಸರಿಸಿದರೂ ಸೊನ್ನೆ, ಎಕ್ಸಾರ್ ಮಾಡಿದರೂ ಸೊನ್ನೆ. ಸೀಡ್ ಕೊಡುವ ಮೊದಲೇ ಯಾರೋ ಎಸೆತ ಕರೆದಿರುತ್ತಾರೆ, ಇಲ್ಲವೇ ಸೀಡ್ ಓದುವಾಗ ತಪ್ಪಿ 0 ಬಂದಿರುತ್ತದೆ. ಸೀಡ್ 0 ಆದರೆ ಬೇರೊಂದು ಸಂಖ್ಯೆ ಹಾಕುವ ಒಂದು ಸಾಲು ಬರೆದುಬಿಡಿ.

ಕೊನೆ ಇರುವ ಬಾರ ಇನ್ನೂ ಕುತೂಹಲದ್ದು. ನೆಟ್‌ನಲ್ಲಿ ಜೊತೆಗೆ ಆಡುವವರಿಗಾಗಿ ಕೋಣೆ ಮಾಡಿ, ಕೋಣೆಯ ನಂಬರನ್ನೇ ಸೀಡ್ ಮಾಡಿದ್ದೆ. ಯಾವ ಕೋಣೆಗೆ ಹೋದರೂ ಮೊದಲ ಎಸೆತ ಬಾರ! ಒಂದನೇ ಕೋಣೆಯಲ್ಲಂತೂ ಮೊದಲ ಎರಡೂ ಬಾರ. ಕಾರಣ ನೋಡಿ. ಎಸೆತಕ್ಕೆ ನಾನು ತೆಗೆದುಕೊಳ್ಳುತ್ತಿದ್ದದ್ದು ಸಂಖ್ಯೆಯ ಮೇಲಿನ ನಾಲ್ಕು ಬಿಟ್. ಸೀಡ್ 1ಕ್ಕೆ ಮೊದಲ ಸಂಖ್ಯೆ 270369, ಸೀಡ್ 2ಕ್ಕೆ 540738, ಸೀಡ್ 3ಕ್ಕೆ 811107. 270369ರ ಮಗ್ಗಿ ಹೇಳಿದ ಹಾಗಿದೆ, ಅಲ್ವಾ? ಪುಟ್ಟ ಸೀಡ್‌ನ ಬಿಟ್‌ಗಳು ಒಂದೇ ಹೆಜ್ಜೆಯಲ್ಲಿ ಮೇಲಿನ ತುದಿ ಮುಟ್ಟುವುದಿಲ್ಲ. ಎಡಕ್ಕೆ 13, ಎಡಕ್ಕೆ 5, ಒಟ್ಟು 18 ಬಿಟ್ ಏರುತ್ತವೆ. 1024ಕ್ಕಿಂತ ಚಿಕ್ಕ ಸೀಡ್ ಯಾವುದೇ ಇರಲಿ, ಮೇಲಿನ ನಾಲ್ಕು ಬಿಟ್ ಸೊನ್ನೆಯಾಗೇ ಉಳಿಯುತ್ತವೆ. ನಾಲ್ಕು ಸೊನ್ನೆ ಅಂದರೆ ಬಾರ.

ಮದ್ದು ಏನೆಂದರೆ ಸೀಡನ್ನು ಮೊದಲು ಚೆನ್ನಾಗಿ ಕಲಸುವುದು. 2014ರಲ್ಲಿ ಸ್ಟೀಲ್, ಲೀ ಮತ್ತು ಫ್ಲಡ್ ಕೊಟ್ಟ ಸ್ಪ್ಲಿಟ್‌ಮಿಕ್ಸ್ ಇದಕ್ಕೆ ಒಳ್ಳೆಯದು. ಎಲ್ಲ 64 ಬಿಟ್‌ನಲ್ಲಿ ಮಾಡಬೇಕು. ಸೀಡ್‌ಗೆ 11400714819323198485 ಕೂಡಿಸಿ. ಬಂದದ್ದನ್ನು ಬಲಕ್ಕೆ 30 ಸರಿಸಿ ಎಕ್ಸಾರ್ ಮಾಡಿ 13787848793156543929 ರಿಂದ ಗುಣಿಸಿ. ಮತ್ತೆ ಬಲಕ್ಕೆ 27, ಎಕ್ಸಾರ್, 10723151780598845931 ರಿಂದ ಗುಣಿಸಿ. ಕೊನೆಗೆ ಬಲಕ್ಕೆ 31, ಎಕ್ಸಾರ್. ಸೀಡ್ 0 ಕೊಟ್ಟರೆ 16294208416658607535 ಬರಬೇಕು. ಇದರ ಮೇಲಿನ 32 ಬಿಟ್ಟನ್ನು ಎಕ್ಸಾರ್‌ಶಿಫ್ಟ್‌ಗೆ ಸೀಡ್ ಮಾಡಿ. ಅಲ್ಲಿ ಸೊನ್ನೆ ಬರುವುದು ಅಪರೂಪ, ಆದರೂ ಸೊನ್ನೆಯ ಆ ಸಾಲನ್ನು ಅಳಿಸಬೇಡಿ.

ಗಡಿಯಾರದ ಸೆಕೆಂಡನ್ನು ಸೀಡ್ ಮಾಡುವುದು ಎಲ್ಲರೂ ಮಾಡುವ ಕೆಲಸ. ಅದನ್ನು ಲೂಪ್ ಒಳಗೆ ಬರೆದರೆ ಒಂದು ಸೆಕೆಂಡ್ ಪೂರ್ತಿ ಒಂದೇ ಎಸೆತ. ಹೊರಗೆ ಬರೆದರೂ, ಒಂದೇ ಸೆಕೆಂಡಿನಲ್ಲಿ ಶುರುವಾದ ಎರಡು ಫೋನಿಗೆ ಒಂದೇ ಆಟ. ಫೋನಿನ ಆಪರೇಟಿಂಗ್ ಸಿಸ್ಟಮ್ ಕೊಡುವ ರ್‍ಯಾಂಡಮ್ ಬೈಟ್‌ಗಳನ್ನು ಒಂದು ಸಲ ಕೇಳಿ ಸೀಡ್ ಮಾಡಿಕೊಳ್ಳುವುದು ಸುಲಭ.

ಕೋಟಿಗೊಮ್ಮೆ ಬೀಳುವ ಆಟ

ಎಷ್ಟೋ ದಿನ ಚೆನ್ನಾಗಿ ನಡೆದು, ಒಂದು ದಿನ ಕಾರಣವಿಲ್ಲದೆ ಆಟ ಬೀಳುತ್ತದೆಯೇ? ಹಾಗಾದರೆ 0 ಮತ್ತು 1ರ ನಡುವಿನ ದಶಮಾಂಶ ಮಾಡುವ ಜಾಗ ನೋಡಿ. 32 ಬಿಟ್ ಸಂಖ್ಯೆಯನ್ನು 4294967296 ರಿಂದ ಭಾಗಿಸಿದರೆ ಉತ್ತರ 1ಕ್ಕಿಂತ ಕಡಿಮೆ ಇರಬೇಕು. ಗಣಿತದಲ್ಲಿ ಹೌದು, ದಶಮಾಂಶ ಸಂಖ್ಯೆ ಇಡುವ 32 ಬಿಟ್ ವಿಧವಾದ ಫ್ಲೋಟ್‌ನಲ್ಲಿ ಅಲ್ಲ. ಫ್ಲೋಟ್‌ಗೆ 24 ಬಿಟ್ ನಿಖರತೆ ಮಾತ್ರ. ತೀರ ದೊಡ್ಡ 128 ಸಂಖ್ಯೆಗಳು ಸುತ್ತುಗೂಡಿ ಸರಿಯಾಗಿ 1.0 ಆಗುತ್ತವೆ. ಆಗ ನಾಲ್ಕು ಕಾಯಿ ಇರುವ ಪಟ್ಟಿಯಲ್ಲಿ ಐದನೆಯ ಕಾಯಿ ಕೇಳಿದ ಹಾಗಾಗುತ್ತದೆ. ಸರಾಸರಿ 3,35,54,432 ಸಂಖ್ಯೆಗೆ ಒಂದು ಸಲ. ಕೈಯಲ್ಲಿ ಆಡುವಾಗ ಇದು ಸಿಗುವುದೇ ಇಲ್ಲ. ಕಂಪ್ಯೂಟರ್ ಒಳಗೊಳಗೆ ಆಡುವಾಗ ದಿನಕ್ಕೊಮ್ಮೆ ಸಿಗುತ್ತದೆ. ಮೇಲಿನ 24 ಬಿಟ್ ಮಾತ್ರ ತೆಗೆದು 16777216 ರಿಂದ ಭಾಗಿಸಿ, ಮುಗಿಯಿತು.

ಶೇಷ ತೆಗೆದು ಸಂಖ್ಯೆ ಚಿಕ್ಕದು ಮಾಡುವವರಿಗೆ ಒಂದು ಮಾತು. ಕೆಲವು ಹಳೇ ಲೈಬ್ರರಿಗಳು 0 ರಿಂದ 32767 ವರೆಗೆ ಮಾತ್ರ ಕೊಡುತ್ತವೆ. ಅದರಲ್ಲಿ 10000ದ ಶೇಷ ತೆಗೆದರೆ 0 ರಿಂದ 2767 ವರೆಗಿನವಕ್ಕೆ ನಾಲ್ಕು ಅವಕಾಶ, ಉಳಿದವಕ್ಕೆ ಮೂರೇ. 32 ಬಿಟ್ ಇದ್ದು ಬೇಕಾದ ಮಿತಿ ಚಿಕ್ಕದಾಗಿದ್ದರೆ ಈ ವಾಲಿಕೆ ಲೆಕ್ಕಕ್ಕಿಲ್ಲ. ಆದರೂ ನಾನು ಶೇಷ ತೆಗೆಯುವುದಿಲ್ಲ. ಸಂಖ್ಯೆಯನ್ನು ಮಿತಿಯಿಂದ ಗುಣಿಸಿ, 64 ಬಿಟ್ ಉತ್ತರದ ಮೇಲಿನ 32 ಬಿಟ್ ತೆಗೆದುಕೊಳ್ಳುತ್ತೇನೆ. ಭಾಗಾಕಾರ ತಪ್ಪುವುದರಿಂದ ವೇಗವೂ ಜಾಸ್ತಿ.

ವೇಗ ಬರದಿದ್ದರೆ

ಮೊದಲು ಅಳತೆ ಸರಿಯಿದೆಯೇ ನೋಡಿ. ಕೋಟಿ ಸಂಖ್ಯೆ ಸೊನ್ನೆ ಸೆಕೆಂಡಿನಲ್ಲಿ ಬಂದರೆ ಖುಷಿಪಡಬೇಡಿ. ಉತ್ತರವನ್ನು ಯಾರೂ ಬಳಸುತ್ತಿಲ್ಲ ಅಂತ ಕಂಪೈಲರ್ ಲೂಪನ್ನೇ ಕಿತ್ತು ಹಾಕಿದೆ. ಎಲ್ಲವನ್ನೂ ಕೂಡಿಸಿ ಕೊನೆಗೆ ಮೊತ್ತ ಅಚ್ಚು ಹಾಕಿ. ತೀರ ನಿಧಾನವಾದರೆ ಆಪ್ಟಿಮೈಸ್ ಇಲ್ಲದೆ ಕಂಪೈಲ್ ಮಾಡಿದ್ದೀರಿ, ಇಲ್ಲವೇ ಪ್ರತಿ ಸಂಖ್ಯೆಯನ್ನೂ ಪರದೆಗೆ ಅಚ್ಚು ಹಾಕುತ್ತಿದ್ದೀರಿ. ಅಚ್ಚಿನ ಸಮಯದ ಮುಂದೆ ಎಕ್ಸಾರ್‌ಶಿಫ್ಟ್‌ನ ಸಮಯ ಏನೇನೂ ಅಲ್ಲ.

ಆಮೇಲೆ ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನಲ್ಲಿ ಒಂದೇ ಹೊತ್ತಿಗೆ ನಡೆಯುವ ಕೆಲಸದ ಎಳೆಗಳು. ನಾಲ್ಕು ಥ್ರೆಡ್‌ಗೆ ಒಂದೇ ಸಂಖ್ಯೆ ಹಂಚಿಕೊಟ್ಟರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಬೀಗ ಹಾಕದಿದ್ದರೆ ಇಬ್ಬರು ಒಂದೇ ಸಂಖ್ಯೆ ಓದಿ ಒಂದೇ ಎಸೆತ ಎಸೆಯುತ್ತಾರೆ. ಬೀಗ ಹಾಕಿದರೆ ಎಲ್ಲರೂ ಸಾಲು ಹಚ್ಚಿ ನಿಲ್ಲುತ್ತಾರೆ, ಒಂದು ಥ್ರೆಡ್‌ಗಿಂತ ನಿಧಾನ. ಪ್ರತಿ ಥ್ರೆಡ್‌ಗೂ ತನ್ನದೇ ಸಂಖ್ಯೆ ಕೊಡಿ, ಮತ್ತು ಬೇರೆ ಬೇರೆ ಸೀಡ್ ಕೊಡಿ. ನಾನು ಒಮ್ಮೆ ನಾಲ್ಕಕ್ಕೂ ಒಂದೇ ಸೀಡ್ ಕೊಟ್ಟಿದ್ದೆ. ನಾಲ್ಕು ಪಟ್ಟು ಆಟ ಆಡಿದರೂ ಕಂಪ್ಯೂಟರ್ ಚೂರೂ ಜಾಣ ಆಗಲಿಲ್ಲ. ಗೋಲಗುಮ್ಮಟದಲ್ಲಿ ಒಬ್ಬ ಕೂಗಿದರೆ ಏಳು ಸಲ ಕೇಳುತ್ತದೆ ಅನ್ನುತ್ತಾರೆ, ಹಾಗಂತ ಒಳಗೆ ಏಳು ಜನ ಇದ್ದಾರೆ ಅಂತ ಎಣಿಸಲು ಆಗುತ್ತದೆಯೇ?

ನನಗೆ ಅತಿ ಹೆಚ್ಚು ವೇಗ ಸಿಕ್ಕಿದ್ದು ಸೂತ್ರದಿಂದ ಅಲ್ಲ. ಒಂದು 32 ಬಿಟ್ ಸಂಖ್ಯೆಯಲ್ಲಿ ನಾಲ್ಕು ಬಿಟ್‌ನ ಎಂಟು ಎಸೆತ ಇವೆ. ಎಂಟನ್ನೂ ಬಳಸಿದೆ. ನಾಲ್ಕು ಬಿಟ್‌ನಲ್ಲಿ ಎಷ್ಟು 1 ಇವೆ ಅಂತ ಎಣಿಸುವ ಬದಲು 16 ಮನೆಯ ಒಂದು ಪಟ್ಟಿ ಮಾಡಿಟ್ಟೆ. ಆ ಪಟ್ಟಿಯಲ್ಲಿ ಸೊನ್ನೆಯ ಮನೆಗೆ 8 ಬರೆಯುವುದನ್ನು ಮರೆಯಬೇಡಿ. ಮರೆತರೆ ಬಾರ ಬಿದ್ದಾಗ ಕಾಯಿ ಕೂತಲ್ಲೇ ಕೂರುತ್ತದೆ.

ಎಕ್ಸಾರ್‌ಶಿಫ್ಟ್ 32 ಎಲ್ಲದಕ್ಕೂ ಸಾಕಾಗುತ್ತದೆ ಅಂತ ನಾನು ಹೇಳುವುದಿಲ್ಲ. ಅದರ ಸುತ್ತು ಸುಮಾರು 430 ಕೋಟಿ. ಸೆಕೆಂಡಿಗೆ ನೂರು ಕೋಟಿ ಸಂಖ್ಯೆ ತೆಗೆಯುವ ಯಂತ್ರದಲ್ಲಿ ನಾಲ್ಕೈದು ಸೆಕೆಂಡಿಗೆ ಖಾಲಿ. ಟೆಸ್ಟ್‌ಯು01ನ (ಇಂಥ ಸೂತ್ರಗಳನ್ನು ಪರೀಕ್ಷಿಸುವ ತಂತ್ರಾಂಶ) ಕಠಿಣ ಪರೀಕ್ಷೆಗಳಲ್ಲೂ ಇದು ಪಾಸಾಗುವುದಿಲ್ಲ. ದೊಡ್ಡ ಲೆಕ್ಕಕ್ಕೆ 2014ರ ಪಿಸಿಜಿ ಸೂತ್ರ ಅಥವಾ ಬ್ಲ್ಯಾಕ್‌ಮನ್ ಮತ್ತು ವಿನ್ಯಾ 2018ರಲ್ಲಿ ಕೊಟ್ಟ ಎಕ್ಸೋಶಿರೋ ನೋಡಿ. ಓಟಿಪಿ, ಪಾಸ್‌ವರ್ಡ್, ದುಡ್ಡಿನ ಲಕ್ಕಿ ಡ್ರಾ ಇವಕ್ಕೆ ಇಲ್ಲಿ ಹೇಳಿದ ಯಾವುದನ್ನೂ ಮುಟ್ಟಬೇಡಿ. ಎಕ್ಸಾರ್‌ಶಿಫ್ಟ್ 32 ಕೊಡುವ ಸಂಖ್ಯೆಯೇ ಅದರ ಒಳಗಿನ ಗುಟ್ಟು. ಒಂದು ಸಂಖ್ಯೆ ಕಂಡರೆ ಮುಂದಿನದೆಲ್ಲ ಯಾರು ಬೇಕಾದರೂ ಹೇಳಬಹುದು. ಅಲ್ಲಿ ಆಪರೇಟಿಂಗ್ ಸಿಸ್ಟಮ್ ಕೊಡುವುದನ್ನೇ ಬಳಸಬೇಕು.

ದೋಷವಲ್ಲದ ದೂರು

ಎಲ್ಲ ಸರಿಯಾದ ಮೇಲೆ ಆಯಿ ಮತ್ತೆ ಫೋನ್ ಮಾಡಿದಳು. ಕಂಪ್ಯೂಟರ್‌ಗೆ ಸಾಲಾಗಿ ಮೂರು ಬಾರ ಬಿದ್ದವಂತೆ. ಮೂರು ಬಾರ ಸಾಲಾಗಿ ಬೀಳುವ ಅವಕಾಶ 4096ಕ್ಕೆ ಒಂದು. 16,000 ಎಸೆತದಲ್ಲಿ ಸುಮಾರು ನಾಲ್ಕು ಸಲ ಆಗಬೇಕು. ಆಗದಿದ್ದರೇ ನನಗೆ ಸಂಶಯ ಬರುತ್ತಿತ್ತು. ಹಾಗೇ ಹೇಳಿದೆ.

"ಹಂಗಾದ್ರ ನನಗ್ಯಾಕ ಬೀಳವಲ್ದು?"

ಅವಳ ಫೋನಿನ ಲಾಗ್ ತರಿಸಿಕೊಂಡು ಅವಳ ಎಸೆತಗಳನ್ನಷ್ಟೇ ಎಣಿಸಿದೆ. ಒಟ್ಟು 412. ಲೆಕ್ಕದ ಪ್ರಕಾರ 25 ಅಥವಾ 26 ಬಾರ ಬರಬೇಕು, ಐದರ ಏರುಪೇರು ಸಹಜ. ಬಂದದ್ದು 23. ಕೋಡು ಮುಟ್ಟಲಿಲ್ಲ.